ಕೊರಳಿನ ಕ್ಯಾಮೆರಾ, ಜೇಬಿನ ಕ್ಯಾಮೆರಾ

2004ರಲ್ಲಿ ಜಪಾನಿನಿಂದ ಎರಡು ಡಿಜಿಟಲ್ ಕ್ಯಾಮೆರಾಗಳು ಮಾರುಕಟ್ಟೆಗೆ ಬಂದವು. ಒಂದು ಎಪ್ಸನ್ ಕಂಪನಿಯ ಆರ್-ಡಿ1. ಹೌದು, ಪ್ರಿಂಟರ್ ಮಾಡುವ ಅದೇ ಎಪ್ಸನ್. ಇನ್ನೊಂದು ಕ್ಯಾನನ್ ಕಂಪನಿಯ ಡಿಜಿಟಲ್ ಇಕ್ಸಸ್ 40. ಮೊದಲನೆಯದು ಕೊರಳಿಗೆ ಹಾಕಿಕೊಳ್ಳುವಂಥದ್ದು, ಲೆನ್ಸ್ ಬಿಟ್ಟೇ ಅರ್ಧ ಕೆ.ಜಿ. ದಾಟುತ್ತಿತ್ತು. ಎರಡನೆಯದು ಅಂಗಿ ಜೇಬಿಗೆ ಹಾಕಿಕೊಳ್ಳುವಂಥದ್ದು, ತೂಕ 130 ಗ್ರಾಂ, ದಪ್ಪ ಸುಮಾರು 2 ಸೆಂಟಿಮೀಟರ್.

ಎರಡಕ್ಕೂ ಮೆಮೊರಿ ಕಾರ್ಡ್ ಒಂದೇ ಬಗೆಯದು, ಎಸ್‌ಡಿ ಕಾರ್ಡ್. ಅದೊಂದನ್ನು ಬಿಟ್ಟರೆ ಇವೆರಡೂ ಬೇರೆ ಬೇರೆ ವಂಶದವು. ಇವತ್ತು ನೀವು ಈ ಬರಹ ಓದುತ್ತಿರುವ ಫೋನಿನಲ್ಲಿ ಎರಡೂ ವಂಶದ ರಕ್ತ ಇದೆ. ಅದು ಹೇಗೆ ಅಂತ ಈ ಬರಹದಲ್ಲಿ ನೋಡೋಣ.

ದೂರ ಅಳೆಯುವ ಕಣ್ಣು

ಆರ್-ಡಿ1 ರೇಂಜ್‌ಫೈಂಡರ್ ಜಾತಿಯ ಕ್ಯಾಮೆರಾ. ರೇಂಜ್‌ಫೈಂಡರ್ ಅಂದರೆ ದೂರ ಅಳೆಯುವ ಸಾಧನ. ಇದರ ತತ್ವ ತಿಳಿಯಲು ಈಗಲೇ ಒಂದು ಪರೀಕ್ಷೆ ಮಾಡಿ ನೋಡಿ. ಒಂದು ಕೈ ಚಾಚಿ ಹೆಬ್ಬೆರಳು ಎತ್ತಿ. ಒಂದು ಕಣ್ಣು ಮುಚ್ಚಿ ನೋಡಿ, ಆಮೇಲೆ ಇನ್ನೊಂದು ಕಣ್ಣು ಮುಚ್ಚಿ ನೋಡಿ. ಹಿಂದಿನ ಗೋಡೆಯ ಮೇಲೆ ಹೆಬ್ಬೆರಳು ಆಚೀಚೆ ಜಿಗಿದ ಹಾಗೆ ಕಾಣುತ್ತದೆ. ಬೆರಳು ಹತ್ತಿರ ತಂದರೆ ಜಿಗಿತ ಹೆಚ್ಚು, ದೂರ ಒಯ್ದರೆ ಕಡಿಮೆ. ಈ ಜಿಗಿತವನ್ನು ಅಳೆದರೆ ದೂರ ಎಷ್ಟು ಅಂತ ಗೊತ್ತಾಗುತ್ತದೆ.

ಕ್ಯಾಮೆರಾಕ್ಕೆ ಬರುವ ಮೊದಲು ಈ ಸಾಧನ ಇದ್ದದ್ದು ಯುದ್ಧದ ಹಡಗುಗಳಲ್ಲಿ, ಫಿರಂಗಿ ದಳಗಳಲ್ಲಿ. ಗುಂಡು ಎಷ್ಟು ದೂರ ಹೋಗಿ ಬೀಳಬೇಕು ಅಂತ ಲೆಕ್ಕ ಹಾಕಲು ಬಳಸುತ್ತಿದ್ದರು. 1916ರಲ್ಲಿ ಕೊಡಾಕ್ ಕಂಪನಿ ಇದನ್ನು ಲೆನ್ಸ್ ಜೊತೆ ಜೋಡಿಸಿದ ಕ್ಯಾಮೆರಾ ಮಾಡಿತು. ಕ್ಯಾಮೆರಾದ ಮುಂದೆ ಎರಡು ಕಿಟಕಿ. ಹಿಂದಿನ ಕಿಂಡಿಯಲ್ಲಿ ಕಣ್ಣಿಟ್ಟರೆ ನಡುವೆ ಒಂದೇ ವಸ್ತು ಎರಡಾಗಿ ಕಾಣುತ್ತದೆ. ಲೆನ್ಸಿನ ಉಂಗುರ ತಿರುಗಿಸುತ್ತಾ ಹೋದರೆ ಎರಡೂ ಬಿಂಬ ಹತ್ತಿರ ಬಂದು ಒಂದರ ಮೇಲೊಂದು ಕೂರುತ್ತವೆ. ಕೂತ ಗಳಿಗೆಯಲ್ಲಿ ಫೋಕಸ್ ಸರಿಯಾಗಿದೆ ಅಂತ ಅರ್ಥ.

ಈ ಜಾತಿಗೆ ಹೆಸರು ತಂದದ್ದು ಜರ್ಮನಿಯ ಲೈಕಾ. ವೆಟ್ಜ್ಲರ್ ಊರಿನ ಲೈಟ್ಜ್ ಕಾರ್ಖಾನೆಯಲ್ಲಿ ಆಸ್ಕರ್ ಬಾರ್ನಾಕ್ ಎಂಬ ಯಂತ್ರತಜ್ಞ ಇದ್ದರು. ಅವರಿಗೆ ಆಸ್ತಮಾ. ಆ ಕಾಲದ ಭಾರದ ಪೆಟ್ಟಿಗೆ ಕ್ಯಾಮೆರಾ ಹೊತ್ತು ಗುಡ್ಡ ಹತ್ತುವುದು ಅವರಿಂದ ಆಗುತ್ತಿರಲಿಲ್ಲ. ಸಿನಿಮಾ ರೀಲು ಬಳಸುವ ಚಿಕ್ಕ ಕ್ಯಾಮೆರಾ ಒಂದನ್ನು ಅವರು ಮಾಡಿಕೊಂಡರು. ಅದು 1925ರಲ್ಲಿ ಲೈಕಾ ಹೆಸರಿನಲ್ಲಿ ಲೈಪ್‌ಜಿಗ್ ಮೇಳಕ್ಕೆ ಬಂತು. 1932ರ ಮಾದರಿಗೆ ರೇಂಜ್‌ಫೈಂಡರ್ ಸೇರಿತು. 1954ರಲ್ಲಿ ಬಂದ ಎಂ3 ಮಾದರಿಯಲ್ಲಿ ಚೌಕಟ್ಟು ನೋಡುವುದು, ಫೋಕಸ್ ಮಾಡುವುದು ಎರಡೂ ಒಂದೇ ಕಿಂಡಿಯಲ್ಲಿ ಆಗುವಂತಾಯಿತು.

ಇದಕ್ಕೂ ನಮ್ಮ ದೇಶಕ್ಕೂ ಒಂದು ನಂಟು ಇದೆ. ಫ್ರಾನ್ಸಿನ ಛಾಯಾಗ್ರಾಹಕ ಹೆನ್ರಿ ಕಾರ್ಟಿಯೆ ಬ್ರೆಸಾನ್ 1948ರ ಜನವರಿ 30ರಂದು ದೆಹಲಿಯಲ್ಲಿದ್ದರು, ಕೈಯಲ್ಲಿ ಲೈಕಾ. ಗಾಂಧೀಜಿಯನ್ನು ಭೇಟಿಯಾಗಿ ಹೊರಬಂದ ಸ್ವಲ್ಪ ಹೊತ್ತಿಗೆ ಹತ್ಯೆಯ ಸುದ್ದಿ ಬಂತು. ಆ ರಾತ್ರಿ ಬಿರ್ಲಾ ಭವನದ ಗೇಟಿನ ಬಳಿ ನೆಹರೂ ಜನರಿಗೆ ಸುದ್ದಿ ತಿಳಿಸುವ ಫೋಟೊ ಅವರದ್ದೇ. ಫ್ಲ್ಯಾಶ್ ಇಲ್ಲ. ಬೀದಿದೀಪದ ಬೆಳಕು, ಸುತ್ತ ಕತ್ತಲೆ, ಚಿತ್ರ ಸ್ವಲ್ಪ ಅಲುಗಿದೆ. ಆದರೂ ಆ ರಾತ್ರಿಯ ದಿಗ್ಭ್ರಮೆ ಅದರಲ್ಲಿ ಕಾಣುತ್ತದೆ. ಸದ್ದು ಕಡಿಮೆ, ಗಾತ್ರ ಚಿಕ್ಕದು, ಎದುರಿನವರ ಕಣ್ಣಿಗೆ ಚುಚ್ಚುವ ಬೆಳಕು ಬೇಡ. ವರದಿಗಾರರು ಈ ಕ್ಯಾಮೆರಾವನ್ನು ನೆಚ್ಚಿಕೊಂಡದ್ದು ಇದಕ್ಕಾಗಿ.

ಆ ಬ್ರೆಸಾನ್ ತೀರಿಕೊಂಡದ್ದು 2004ರ ಆಗಸ್ಟ್‌ನಲ್ಲಿ. ಜಗತ್ತಿನ ಮೊದಲ ಡಿಜಿಟಲ್ ರೇಂಜ್‌ಫೈಂಡರ್ ಬಂದದ್ದೂ ಅದೇ ವರ್ಷ.

ಗಡಿಯಾರದ ಮುಳ್ಳಿನ ಡಿಜಿಟಲ್ ಕ್ಯಾಮೆರಾ

ಆ ಮೊದಲ ಕ್ಯಾಮೆರಾವನ್ನು ಲೈಕಾ ಮಾಡಲಿಲ್ಲ. ಮಾಡಿದ್ದು ಎಪ್ಸನ್ ಮತ್ತು ಕೊಸಿನಾ ಎಂಬ ಎರಡು ಜಪಾನಿ ಕಂಪನಿಗಳು, ಎರಡೂ ನಾಗಾನೊ ಪ್ರಾಂತ್ಯದವು. ಕ್ಯಾಮೆರಾದ ಒಡಲು ಕೊಸಿನಾದ್ದು, ಒಳಗಿನ ಎಲೆಕ್ಟ್ರಾನಿಕ್ಸ್ ಎಪ್ಸನ್‌ದು. ಎಪ್ಸನ್ ಸೀಕೊ ಗಡಿಯಾರದ ಬಳಗಕ್ಕೆ ಸೇರಿದ ಕಂಪನಿ. ಅದಕ್ಕೆ ತಕ್ಕಂತೆ ಆರ್-ಡಿ1ರ ನೆತ್ತಿಯ ಮೇಲೆ ಗಡಿಯಾರದಂಥ ಮುಳ್ಳುಗಳಿದ್ದವು. ಕಾರ್ಡಿನಲ್ಲಿ ಇನ್ನೆಷ್ಟು ಫೋಟೊಗೆ ಜಾಗ ಇದೆ, ಬ್ಯಾಟರಿ ಎಷ್ಟಿದೆ ಎಂಬುದನ್ನು ಆ ಮುಳ್ಳುಗಳೇ ತೋರಿಸುತ್ತಿದ್ದವು.

ಇನ್ನೊಂದು ವಿಚಿತ್ರ ಕೇಳಿ. ಅದರಲ್ಲಿ ರೀಲು ಇಲ್ಲ. ಆದರೂ ರೀಲು ಸುತ್ತುವ ಸನ್ನೆ ಇತ್ತು. ಪ್ರತಿ ಫೋಟೊಗೂ ಮೊದಲು ಹೆಬ್ಬೆರಳಿನಿಂದ ಅದನ್ನು ಎಳೆದು ಶಟರ್ ಅಣಿ ಮಾಡಬೇಕು. ಎಳೆಯದಿದ್ದರೆ ಕ್ಲಿಕ್ ಆಗುವುದಿಲ್ಲ. ಹಿಂದಿನ ಪರದೆಯನ್ನು ತಿರುಗಿಸಿ ಮುಖ ಒಳಗೆ ಮಾಡಿ ಮುಚ್ಚಿಡಬಹುದಿತ್ತು. ಮುಚ್ಚಿದ ಮೇಲೆ ನೋಡಿದವರಿಗೆ ಹಳೆಯ ರೀಲ್ ಕ್ಯಾಮೆರಾ ಅಂತಲೇ ಅನಿಸಬೇಕು. ಆಟೊಫೋಕಸ್ ಇಲ್ಲ, ಜೂಮ್ ಇಲ್ಲ, ವಿಡಿಯೊ ಇಲ್ಲ, ಒಳಗೇ ಕೂರಿಸಿದ ಫ್ಲ್ಯಾಶ್ ಇಲ್ಲ. ಚಿತ್ರದ ಸಾಂದ್ರತೆ 6.1 ಮೆಗಾಪಿಕ್ಸೆಲ್. ಬೆಲೆ ಲೆನ್ಸ್ ಬಿಟ್ಟು ಸುಮಾರು 3,000 ಡಾಲರ್. ಆಗಿನ ದರದಲ್ಲಿ 1 ಲಕ್ಷದ 30 ಸಾವಿರ ರೂಪಾಯಿಗೂ ಹೆಚ್ಚು.

ಪರದೆಯಿಂದ ಹುಟ್ಟಿದ ವಂಶ

ಜೇಬಿನ ಕ್ಯಾಮೆರಾದ ಕತೆ ಬೇರೆ. 1995ರಲ್ಲಿ ಕ್ಯಾಸಿಯೊ ಕಂಪನಿ ಕ್ಯೂವಿ-10 ಎಂಬ ಡಿಜಿಟಲ್ ಕ್ಯಾಮೆರಾ ತಂದಿತು. ಅದರ ಫೋಟೊ ಈಗಿನ ಲೆಕ್ಕಕ್ಕೆ ಏನೂ ಅಲ್ಲ, ಅಗಲ 320 ಚುಕ್ಕೆ, ಎತ್ತರ 240 ಚುಕ್ಕೆ. ಆದರೆ ಬೆನ್ನಿನ ಮೇಲೆ 1.8 ಇಂಚಿನ ಬಣ್ಣದ ಪರದೆ ಇತ್ತು. ತೆಗೆಯುವ ಮೊದಲೇ ಚಿತ್ರ ನೋಡಬಹುದು, ತೆಗೆದ ಮೇಲೆ ಪಕ್ಕದವರಿಗೆ ತೋರಿಸಬಹುದು. ಫೋಟೊ ತೆಗೆಯುವವರ ಕಣ್ಣು ಕಿಂಡಿ ಬಿಟ್ಟು ಪರದೆಗೆ ಹೊರಳಿದ್ದು ಇಲ್ಲಿಂದ.

2000ದಲ್ಲಿ ಕ್ಯಾನನ್ ಕಂಪನಿ 2 ಮೆಗಾಪಿಕ್ಸೆಲ್‌ನ ಮೊದಲ ಡಿಜಿಟಲ್ ಇಕ್ಸಸ್ ತಂದಿತು. ನಾಲ್ಕು ವರ್ಷದಲ್ಲಿ ಅದು ಇಕ್ಸಸ್ 40 ಆಯಿತು. 4 ಮೆಗಾಪಿಕ್ಸೆಲ್, ಮೂರು ಪಟ್ಟು ಜೂಮ್, 2 ಇಂಚಿನ ಪರದೆ, ಫ್ಲ್ಯಾಶ್, ವಿಡಿಯೊ, ಆಟೊಫೋಕಸ್ ಎಲ್ಲ ಅದರಲ್ಲಿತ್ತು. ಬೆಲೆ ಎಪ್ಸನ್‌ನ ಬೆಲೆಯ ಒಂದು ಸಣ್ಣ ಪಾಲು. ಗುಂಡಿ ಒತ್ತಿದರೆ ಆಯಿತು, ಉಳಿದದ್ದು ಯಂತ್ರದ ಕೆಲಸ.

ಯಾವುದು ಎಲ್ಲಿ ಗೆಲ್ಲುತ್ತಿತ್ತು?

ಬೆಳಕಿನ ವಿಷಯದಲ್ಲಿ ಎಪ್ಸನ್ ಮುಂದೆ. ಬೆಳಕು ಹಿಡಿಯುವ ಸೆನ್ಸರ್ ಅದರಲ್ಲಿ 23.7 × 15.6 ಮಿ.ಮೀ., ಒಂದು ಸಣ್ಣ ಅಂಚೆ ಚೀಟಿಯಷ್ಟು. ಇಕ್ಸಸ್‌ನಲ್ಲಿ ಅದು ಸುಮಾರು 5.8 × 4.3 ಮಿ.ಮೀ., ಒಂದು ತೊಗರಿ ಕಾಳಿನಷ್ಟು. ವಿಸ್ತೀರ್ಣದಲ್ಲಿ ಹೆಚ್ಚುಕಡಿಮೆ 15 ಪಟ್ಟು ವ್ಯತ್ಯಾಸ. ಮಳೆಗೆ ಪರಾತ ಇಟ್ಟರೂ ಲೋಟ ಇಟ್ಟರೂ ಬೀಳುವ ಮಳೆ ಒಂದೇ, ತುಂಬುವ ನೀರು ಬೇರೆ. ಬೆಳಕೂ ಹಾಗೆ. ಮಬ್ಬು ಬೆಳಕಿನಲ್ಲಿ ತೊಗರಿ ಕಾಳಿನ ಸೆನ್ಸರ್ ಇರುವ ಕ್ಯಾಮೆರಾ ಸೋತು ಫ್ಲ್ಯಾಶ್ ಹಾರಿಸುತ್ತಿತ್ತು. ಆ ಕಾಲದ ರಾತ್ರಿ ನಾಟಕದ ಫೋಟೊಗಳನ್ನು ನೆನಪಿಸಿಕೊಳ್ಳಿ. ಪಾತ್ರಧಾರಿಯ ಮುಖ ಸುಣ್ಣ ಬಳಿದ ಹಾಗೆ, ಹಿಂದೆ ಗಾಢ ಕತ್ತಲೆ, ಕಣ್ಣಿನಲ್ಲಿ ಕೆಂಪು ಚುಕ್ಕೆ.

ಸಮಯದ ವಿಷಯದಲ್ಲೂ ಎಪ್ಸನ್ ಮುಂದೆ, ಆದರೆ ತೆಗೆಯುವವರಿಗೆ ಕೈಪಳಗಿದ್ದರೆ ಮಾತ್ರ. ಜೇಬಿನ ಕ್ಯಾಮೆರಾ ಲೆನ್ಸನ್ನು ಹಿಂದೆ ಮುಂದೆ ಸರಿಸುತ್ತಾ ಚಿತ್ರದ ಅಂಚು ಎಲ್ಲಿ ಹೆಚ್ಚು ಚೂಪಾಗುತ್ತದೆ ಅಂತ ಹುಡುಕುತ್ತದೆ. ಹುಡುಕುವಷ್ಟರಲ್ಲಿ ಕಬಡ್ಡಿ ಆಟಗಾರ ಗೆರೆ ದಾಟಿ ಹೋಗಿರುತ್ತಿದ್ದ. ರೇಂಜ್‌ಫೈಂಡರ್‌ನವರು ದೂರವನ್ನು ಮೊದಲೇ ಹೊಂದಿಸಿಟ್ಟು ಕಾಯುತ್ತಾರೆ, ಒತ್ತಿದ ತಕ್ಷಣ ಚಿತ್ರ ಬೀಳುತ್ತದೆ. ಜೊತೆಗೆ ಆರ್-ಡಿ1ರ ಕಿಂಡಿಯಲ್ಲಿ ಜಗತ್ತು ಇದ್ದಷ್ಟೇ ಗಾತ್ರದಲ್ಲಿ ಕಾಣುತ್ತಿತ್ತು. ಎರಡೂ ಕಣ್ಣು ತೆರೆದೇ ನೋಡಬಹುದಿತ್ತು. ಚೌಕಟ್ಟಿನ ಗೆರೆಯ ಹೊರಗೆ ಏನಿದೆ, ಯಾರು ಒಳಗೆ ನಡೆದು ಬರುತ್ತಿದ್ದಾರೆ ಎಂಬುದೂ ಕಾಣುತ್ತಿತ್ತು. ಪರದೆ ನೋಡುವವರಿಗೆ ಕಾಣುವುದು ಚೌಕಟ್ಟಿನ ಒಳಗಿನದ್ದು ಮಾತ್ರ.

ಹತ್ತಿರದ ವಸ್ತುವಿನಲ್ಲಿ ಮಾತ್ರ ಜೇಬಿನ ಕ್ಯಾಮೆರಾಕ್ಕೆ ಸಾಟಿ ಇರಲಿಲ್ಲ. ರೇಂಜ್‌ಫೈಂಡರ್ ಸಾಮಾನ್ಯವಾಗಿ ಎರಡು ಮೂರು ಅಡಿಗಿಂತ ಹತ್ತಿರ ಫೋಕಸ್ ಆಗುವುದಿಲ್ಲ. ಇಕ್ಸಸ್ ಕೆಲವೇ ಸೆಂಟಿಮೀಟರ್ ದೂರದಿಂದ ತೆಗೆಯುತ್ತಿತ್ತು. ಭತ್ತದ ಗರಿಯ ಮೇಲಿನ ಹುಳು, ಪಹಣಿಯಲ್ಲಿ ತಪ್ಪಾಗಿ ಬಿದ್ದ ಹೆಸರು, ಒಡೆದ ನಾಲೆಯ ಸಿಮೆಂಟಿನ ಬಿರುಕು. ಜಿಲ್ಲಾ ವರದಿಗಾರರಾದ ನಮಗೆ ದಿನಾ ಬೇಕಾಗುವುದು ಇಂಥವೇ. ಇಲ್ಲಿ ಲಕ್ಷ ರೂಪಾಯಿಯ ಕ್ಯಾಮೆರಾ ಕೆಲಸಕ್ಕೆ ಬರುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಯಾವ ಕ್ಯಾಮೆರಾ ಸ್ಥಳದಲ್ಲಿತ್ತು? ನಮ್ಮ ಹಳ್ಳಿಗಳಿಗೆ ಅದಕ್ಕೂ ಮೊದಲು ಕ್ಯಾಮೆರಾ ಬರುತ್ತಿದ್ದದ್ದು ಸ್ಟುಡಿಯೊದವರ ಜೊತೆ, ಅದೂ ಮದುವೆಗೆ, ನಾಮಕರಣಕ್ಕೆ. ಗದ್ದೆ ನಾಟಿ, ಕೆರೆ ಕೋಡಿ ಬಿದ್ದದ್ದು, ಶಾಲೆಯ ಸೋರುವ ಹೆಂಚು ಇವುಗಳ ಫೋಟೊ ಯಾರೂ ತೆಗೆಯುತ್ತಿರಲಿಲ್ಲ. ರೀಲಿನ ಖರ್ಚು, ತೊಳೆಸುವ ಖರ್ಚು ಯಾರು ಕೊಡಬೇಕು? ಜೇಬಿನ ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ಆ ಖರ್ಚು ಹೋಯಿತು. ಮೇಷ್ಟರ ಕೈಗೆ, ಸಂಘದ ಅಕ್ಕಂದಿರ ಕೈಗೆ, ದುಬೈಯಿಂದ ರಜೆಗೆ ಬಂದ ಅಣ್ಣನ ಕೈಗೆ ಕ್ಯಾಮೆರಾ ಬಂತು. ಚಿತ್ರದ ಗುಣಮಟ್ಟದಲ್ಲಿ ಎಪ್ಸನ್ ಗೆದ್ದಿರಬಹುದು. ನಮ್ಮಂಥ ಊರುಗಳ ಚರಿತ್ರೆಗೆ ಸಾಕ್ಷಿ ಒದಗಿಸಿದ್ದು ಮಾತ್ರ ತೊಗರಿ ಕಾಳಿನ ಸೆನ್ಸರ್.

ಎರಡೂ ಹೋದವು, ಎರಡೂ ಉಳಿದವು

2006ರಲ್ಲಿ ಲೈಕಾ ತನ್ನದೇ ಡಿಜಿಟಲ್ ರೇಂಜ್‌ಫೈಂಡರ್ ಎಂ8 ತಂದಿತು. ಎಪ್ಸನ್ ಮುಂದೆ ಈ ಕಸುಬನ್ನೇ ಬಿಟ್ಟಿತು. 2011ರಲ್ಲಿ ಫ್ಯೂಜಿಫಿಲ್ಮ್‌ನ ಎಕ್ಸ್100 ಬಂತು. ನೋಡಲು ರೇಂಜ್‌ಫೈಂಡರ್ ಹಾಗೇ ಇದೆ, ಮೂಲೆಯಲ್ಲಿ ಕಿಂಡಿಯೂ ಇದೆ, ಆದರೆ ಒಳಗೆ ಎರಡು ಬಿಂಬ ಕೂಡಿಸುವ ಯಂತ್ರ ಇಲ್ಲ, ಇರುವುದು ಆಟೊಫೋಕಸ್. ರೇಂಜ್‌ಫೈಂಡರ್ ಶೈಲಿ ಅನ್ನುವುದು ಇಂಥವಕ್ಕೆ.

ಜೇಬಿನ ಕ್ಯಾಮೆರಾ ಬಿದ್ದದ್ದು ಇನ್ನೂ ಜೋರಾಗಿ. ಜಪಾನಿನ ಕ್ಯಾಮೆರಾ ಕಂಪನಿಗಳ ಒಕ್ಕೂಟದ ಲೆಕ್ಕದಂತೆ 2010ರಲ್ಲಿ ಆ ಕಂಪನಿಗಳು ಜಗತ್ತಿಗೆ ಕಳಿಸಿದ ಡಿಜಿಟಲ್ ಕ್ಯಾಮೆರಾಗಳು 12 ಕೋಟಿಗೂ ಹೆಚ್ಚು. ಅದರಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಲೆನ್ಸ್ ಬದಲಿಸಲಾಗದ ಮಾದರಿಗಳು, ಮುಖ್ಯವಾಗಿ ಜೇಬಿನ ಕ್ಯಾಮೆರಾಗಳು. 2020ರಲ್ಲಿ ಒಟ್ಟು ಲೆಕ್ಕವೇ 90 ಲಕ್ಷದೊಳಗೆ ಇಳಿಯಿತು. ತಿಂದು ಹಾಕಿದ್ದು ಫೋನ್. ಪರದೆ ನೋಡಿ ತೆಗೆಯುವುದು, ತಕ್ಷಣ ತೋರಿಸುವುದು, ಯಾವಾಗಲೂ ಜೇಬಿನಲ್ಲಿರುವುದು, ಈ ಮೂರೂ ಗುಣಗಳನ್ನು ಫೋನ್ ಜೇಬಿನ ಕ್ಯಾಮೆರಾದಿಂದಲೇ ಪಡೆದಿದೆ.

ರೇಂಜ್‌ಫೈಂಡರ್‌ನಿಂದ ಏನು ಪಡೆಯಿತು? 2016ರಲ್ಲಿ ಐಫೋನ್ 7 ಪ್ಲಸ್ ಬಂದಾಗ ಅದರ ಬೆನ್ನ ಮೇಲೆ ಎರಡು ಕ್ಯಾಮೆರಾ ಇತ್ತು. ಪೋರ್ಟ್ರೇಟ್ ಮೋಡ್‌ನಲ್ಲಿ ಮುಖ ಸ್ಪಷ್ಟ ಮಾಡಿ ಹಿಂದಿನದ್ದನ್ನು ಮಸುಕು ಮಾಡಲು ಫೋನಿಗೆ ಯಾವುದು ಹತ್ತಿರ, ಯಾವುದು ದೂರ ಅಂತ ತಿಳಿಯಬೇಕು. ಎರಡು ಕ್ಯಾಮೆರಾಗೆ ಕಾಣುವ ಬಿಂಬಗಳ ನಡುವಿನ ಜಿಗಿತವನ್ನು ಅದು ಲೆಕ್ಕ ಹಾಕುತ್ತದೆ. ನಿಮ್ಮ ಹೆಬ್ಬೆರಳಿನ ಜಿಗಿತ, ಫಿರಂಗಿಯವರ ಲೆಕ್ಕ, ರೇಂಜ್‌ಫೈಂಡರ್‌ನ ಎರಡು ಕಿಟಕಿ, ಎಲ್ಲದರ ತತ್ವ ಒಂದೇ. ಆಗ ಬಿಂಬ ಕೂಡಿಸುತ್ತಿದ್ದದ್ದು ಮನುಷ್ಯನ ಕೈ, ಈಗ ಚಿಪ್.

ಕೈಯಿಂದ ಚಿಪ್ಪಿಗೆ ಹೋಗದೆ ಉಳಿದದ್ದು ಒಂದೇ, ಕ್ಲಿಕ್ ಮಾಡುವ ಮೊದಲಿನ ಯೋಚನೆ. ಸನ್ನೆ ಎಳೆಯುವವರು ಪ್ರತಿ ಸಲವೂ ‘ಇದು ಬೇಕೇ?’ ಅಂತ ಒಂದು ಕ್ಷಣ ನಿಲ್ಲುತ್ತಿದ್ದರು. ಒಂದೇ ಸಭೆಯ 200 ಫೋಟೊ ಫೋನಿನಲ್ಲಿ ತುಂಬಿಕೊಳ್ಳುವ ನಾವು ನಿಲ್ಲುವುದಿಲ್ಲ. 200 ಫೋಟೊ ಇದ್ದಾಗ ಯಾವುದಕ್ಕೂ ಹೆಸರು, ತಾರೀಖು ಬರೆಯುವುದಿಲ್ಲ. ಹೆಸರಿಲ್ಲದ ಫೋಟೊ ಇಪ್ಪತ್ತು ವರ್ಷದ ನಂತರ ಯಾರಿಗೂ ಸಾಕ್ಷಿಯಾಗುವುದಿಲ್ಲ.

ಹಳೆಯ ಫೋಟೊಗಳಿಗೆ ಇನ್ನೂ ಹತ್ತಿರದ ಅಪಾಯವೊಂದಿದೆ. 2004ರಿಂದ ಹತ್ತು ಹನ್ನೆರಡು ವರ್ಷ ಜೇಬಿನ ಕ್ಯಾಮೆರಾಗಳು ನಮ್ಮ ಊರುಗಳಲ್ಲಿ ತೆಗೆದ ಫೋಟೊಗಳು ಈಗ ಎಲ್ಲಿವೆ? ಬೀರುವಿನ ಮೂಲೆಯ ಮೆಮೊರಿ ಕಾರ್ಡಿನಲ್ಲಿ, ಸ್ಟುಡಿಯೊದವರು ಬರೆದುಕೊಟ್ಟ ಸಿ.ಡಿ.ಯಲ್ಲಿ. ಕಾರ್ಡಿನ ಒಳಗಿನ ವಿದ್ಯುತ್ ಅಂಶ ವರ್ಷಗಟ್ಟಲೆ ಸುಮ್ಮನೆ ಇಟ್ಟರೆ ನಿಧಾನವಾಗಿ ಸೋರಿಹೋಗುತ್ತದೆ. ಸಿ.ಡಿ.ಯ ಬಣ್ಣದ ಪದರ ಬಿಸಿಲಿಗೆ, ತೇವಕ್ಕೆ ಕೆಡುತ್ತದೆ. ರೀಲಿನ ನೆಗೆಟಿವ್ ಹಳೆಯದಾದರೂ ಬೆಳಕಿಗೆ ಹಿಡಿದರೆ ಏನಾದರೂ ಕಾಣುತ್ತದೆ. ಕೆಟ್ಟ ಕಾರ್ಡಿನಲ್ಲಿ ಕಣ್ಣಿಗೆ ಏನೂ ಕಾಣುವುದಿಲ್ಲ.

ಹಾಗಾಗಿ ಈ ವಾರ ಒಂದು ಕೆಲಸ ಮಾಡಿ. ಮನೆಯ ಹಳೆಯ ಕ್ಯಾಮೆರಾ ಹುಡುಕಿ, ಕಾರ್ಡ್ ತೆಗೆಯಿರಿ. ನೂರಿನ್ನೂರು ರೂಪಾಯಿಗೆ ಸಿಗುವ ಕಾರ್ಡ್ ರೀಡರ್ ಫೋನಿಗೆ ಚುಚ್ಚಿ ಫೋಟೊಗಳನ್ನು ಇಳಿಸಿಕೊಳ್ಳಿ, ಇನ್ನೊಂದು ಕಡೆಯೂ ಪ್ರತಿ ಇಡಿ. ಕಾರ್ಡನ್ನು ಫಾರ್ಮ್ಯಾಟ್ ಮಾಡಲು ಫೋನ್ ಕೇಳಿದರೆ ಒಪ್ಪಬೇಡಿ, ಕಂಪ್ಯೂಟರ್ ಅಂಗಡಿಗೆ ಒಯ್ದು ತೋರಿಸಿ. ಆಮೇಲೆ ಅಜ್ಜಿಯ ಪಕ್ಕ ಕೂತು ಒಂದೊಂದೇ ಫೋಟೊ ತೋರಿಸಿ. ಯಾರು, ಯಾವ ವರ್ಷ, ಯಾವ ಹೊಲ ಅಂತ ಕೇಳಿ ಬರೆದಿಟ್ಟುಕೊಳ್ಳಿ. ಅವರಿಗೆ ನೆನಪಿರುವಾಗಲೇ ಈ ಕೆಲಸ ಮುಗಿಯಲಿ.