ಶರಾವತಿ ಕಣಿವೆ

ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರ, ಸಾಗರ ತಾಲ್ಲೂಕುಗಳನ್ನು ಹಾದು ಹೊನ್ನಾವರದ ಬಳಿ ಕಡಲು ಸೇರುವ ಶರಾವತಿ ನದಿ ಕೊರೆದ ಕಣಿವೆ. ಇದರ ಮುಖ್ಯ ಶಿಲ್ಪಿ ಮುಂಗಾರು ಮಳೆ. ಅರಬ್ಬಿ ಸಮುದ್ರದ ತೇವಗಾಳಿ ಪಶ್ಚಿಮ ಘಟ್ಟಕ್ಕೆ ತಾಗಿ ಮೇಲೇರಿ, ತಣಿದು ಸುರಿಯುತ್ತದೆ. ಸಮೀಪದ ಆಗುಂಬೆ, ಹುಲಿಕಲ್‌ಗಳಲ್ಲಿ ವರ್ಷದ ಮಳೆ 7,000 ಮಿ.ಮೀ. ದಾಟುವುದುಂಟು. ಈ ನೀರೇ ಬಂಡೆಯೊಳಗಿನ ಸಿಲಿಕಾವನ್ನು ಯುಗಯುಗಗಳ ಕಾಲ ತೊಳೆದು, ಕಬ್ಬಿಣ ಮತ್ತು ಅಲ್ಯೂಮಿನಿಯಂ ಅಂಶವನ್ನು ಉಳಿಸಿ ಜಂಬಿಟ್ಟಿಗೆಯನ್ನು ಮಾಡಿತು. ಮಲೆನಾಡಿನ ಎಷ್ಟೋ ಮನೆಗಳ ಗೋಡೆ ಎದ್ದಿರುವುದು ಆ ಕೆಂಪು ಕಲ್ಲಿನಿಂದ. ಘಟ್ಟದ ಅಂಚಿನ ಗಟ್ಟಿ ಶಿಲೆ ಮಾತ್ರ ಅಷ್ಟು ಬೇಗ ಸವೆಯಲಿಲ್ಲ. ಹಾಗಾಗಿ ಜೋಗದಲ್ಲಿ ನದಿ 253 ಮೀಟರ್ ಆಳಕ್ಕೆ ಧುಮುಕುತ್ತದೆ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟು ಈ ಹರಿವನ್ನು ತಡೆಯಿತು. ಅದರ ಹಿನ್ನೀರಿನಲ್ಲಿ ಗದ್ದೆ, ತೋಟ, ಊರುಗಳು ಮುಳುಗಿದವು. ಕಣಿವೆಯ ಚರಿತ್ರೆಯಲ್ಲಿ ಅತ್ಯಂತ ನೋವಿನ ಬದಲಾವಣೆ ಇದೇ.