ಬೆಣೆ, ಪುಟ್ಟಿ ಮತ್ತು ಮಾರುತ

ಪ್ಲಾಸ್ಟಿಕ್ ಜೆಟ್ ಫೈಟರ್ ಕಿಟ್ ಕೊಂಡವರು ಡಬ್ಬಿಯ ಮೇಲಿನ ಚಿತ್ರವನ್ನು ನಂಬಬಾರದು. ಅಲ್ಲಿ ವಿಮಾನ ಮೋಡ ಸೀಳಿಕೊಂಡು ಹೋಗ್ತಿರುತ್ತೆ. ಡಬ್ಬಿಯೊಳಗೆ ಇರೋದು ಬೂದು ಬಣ್ಣದ ಚೌಕಟ್ಟಿಗೆ ಅಂಟಿಕೊಂಡ ತುಂಡುಗಳು. ಕತ್ತರಿಸಿ ತೆಗೆದು, ಒಡಲಿನ ಎಡ ಹೋಳಿಗೆ ಬಲ ಹೋಳು ಹಿಡಿದರೆ ಮೂಗಿನ ಹತ್ತಿರ ಸರಿಯಾಗಿ ಕೂತದ್ದು ಬಾಲದ ಹತ್ತಿರ ಕೂರೋದಿಲ್ಲ. ಬಾಲ ಕೂರಿಸಿದರೆ ರೆಕ್ಕೆಯ ಬುಡದಲ್ಲಿ ಉಗುರು ತೂರುವಷ್ಟು ಸಂದು. ಸದ್ಯ ನನ್ನ ಟೇಬಲ್ ಮೇಲಿರುವ ಮಿಗ್-21ರ ಪಾಡೂ ಇದೇ.

ಅದರ ಅಳತೆ 1/72. ಆರಡಿ ಆಳು ಒಂದಿಂಚಿಗೆ ಇಳಿಯುವ ಲೆಕ್ಕ ಇದು. 1930ರ ದಶಕದ ಬ್ರಿಟನ್ನಿನಲ್ಲಿ ಮೊದಲು ಮರದ ಕಿಟ್‌ಗಳು ಈ ಅಳತೆಯಲ್ಲಿ ಬಂದವು. 1936ರಲ್ಲಿ ಫ್ರಾಗ್ ಕಂಪನಿ 'ಪೆಂಗ್ವಿನ್' ಹೆಸರಲ್ಲಿ ಪ್ಲಾಸ್ಟಿಕ್ ಕಿಟ್ ಶುರು ಮಾಡಿತು. ಆಗ ಬಳಸಿದ್ದು ಸೆಲ್ಯುಲೋಸ್ ಅಸಿಟೇಟ್. ವರ್ಷ ಕಳೆದಂತೆ ಅದು ಹಪ್ಪಳದ ಹಾಗೆ ಸೊಟ್ಟಗಾಗುತ್ತಿತ್ತು. ಎರಡನೇ ಮಹಾಯುದ್ಧದಲ್ಲಿ ಸೈನಿಕರಿಗೆ ನಮ್ಮ ವಿಮಾನ ಯಾವುದು, ಶತ್ರುವಿನದು ಯಾವುದು ಅಂತ ಕಲಿಸಲು ಇದೇ ಅಳತೆಯ ಮಾದರಿಗಳು ಬಳಕೆಗೆ ಬಂದವು. ಯುದ್ಧ ಮುಗಿದ ಮೇಲೆ ಪಾಲಿಸ್ಟೈರೀನ್ ಬಂತು, ಅದೇ ಉಳೀತು.

ಪಾಲಿಸ್ಟೈರೀನಿಗೂ ಒಂದು ಚಾಳಿ ಇದೆ. ಕರಗಿಸಿ ಉಕ್ಕಿನ ಅಚ್ಚಿಗೆ ಒತ್ತಿದ್ದು ತಣ್ಣಗಾಗುವಾಗ ಸುಮಾರು ಅರ್ಧ ಪರ್ಸೆಂಟ್ ಕುಗ್ಗುತ್ತೆ. 20 ಸೆಂಟಿಮೀಟರ್ ಉದ್ದದ ಒಡಲಿಗೆ ಅದು ಒಂದು ಮಿಲಿಮೀಟರ್. ಅಚ್ಚು ಕೊರೆಯುವವರು ಈ ಲೆಕ್ಕ ಹಿಡಿದೇ ಅಚ್ಚನ್ನು ಸ್ವಲ್ಪ ದೊಡ್ಡದು ಮಾಡ್ತಾರೆ. ಆದರೆ ದಪ್ಪ ಇರುವ ಕಡೆ ನಿಧಾನಕ್ಕೆ, ತೆಳು ಇರುವ ಕಡೆ ಬೇಗ ಆರುತ್ತಲ್ಲ, ಅಲ್ಲಿ ಲೆಕ್ಕ ತಪ್ಪುತ್ತೆ. ಅಚ್ಚು ಹಳೇದಾಗಿ ಸವೆದರಂತೂ ತುಂಡಿನ ಅಂಚಿನಲ್ಲಿ ಪ್ಲಾಸ್ಟಿಕ್ ಪೊರೆಯ ಹಾಗೆ ಹೊರಗೆ ಇಣುಕುತ್ತೆ.

ಹೊಸಬರು ಸಂದು ಕಂಡ ಕೂಡಲೇ ಪುಟ್ಟಿ ಮೆತ್ತುತ್ತಾರೆ. ಪುಟ್ಟಿ ಕೊನೇ ಅಸ್ತ್ರ. ಮೊದಲು ಅಂಟು ಹಾಕದೆ, ಟೇಪು ಸುತ್ತಿ, ಹತ್ತು ಸಲ ಜೋಡಿಸಿ ನೋಡಬೇಕು. ರೆಕ್ಕೆಯ ಬುಡದಲ್ಲಿ ಸಂದು ಬಂದರೆ ತಪ್ಪು ರೆಕ್ಕೆಯದ್ದಲ್ಲದೆ ಇರಬಹುದು. ಒಡಲೇ ಒಳಕ್ಕೆ ಸೊಂಟ ಎಳೆದುಕೊಂಡಿರುತ್ತೆ. ಬಿಸಾಡಬೇಕಾದ ಚೌಕಟ್ಟಿನಿಂದ ಒಂದು ಕಡ್ಡಿ ಕತ್ತರಿಸಿ ಒಳಗೆ ಅಡ್ಡಕ್ಕೆ ಕೊಟ್ಟರೆ ಒಡಲು ಅಗಲಾಗಿ ಸಂದು ತಾನಾಗೇ ಮುಚ್ಚಿಕೊಳ್ಳುತ್ತೆ. ಅಷ್ಟಕ್ಕೂ ಬಗ್ಗದಿದ್ದರೆ ತೆಳು ಪ್ಲಾಸ್ಟಿಕ್ ಹಾಳೆಯ ಚೂರನ್ನು ಸಂದಿಗೆ ತೂರಿಸಿ, ಅಂಟಿಸಿ, ಉಜ್ಜಿ ಸಮ ಮಾಡೋದು. ಪುಟ್ಟಿ ಒಣಗಿದ ಮೇಲೆ ಕುಗ್ಗಿ ಗೆರೆ ಬಿಡುತ್ತೆ. ಹಾಳೆಯ ಚೂರು ಹಾಗಲ್ಲ, ಒಡಲಿನದೇ ಭಾಗ ಆಗಿಬಿಡುತ್ತೆ.

ಈ ಚೂರಿಗೆ ನಮ್ಮ ಕಡೆ ಒಂದು ಹೆಸರಿದೆ: ಬೆಣೆ. ಚನ್ನಗಿರಿ ತಾಲ್ಲೂಕಿನ ನಮ್ಮೂರಲ್ಲಿ ಗಾಡಿ ರಿಪೇರಿಗೆ ಬರುತ್ತಿದ್ದ ಆಚಾರ್ರು ಕೀಲು ಸಡಿಲಾದರೆ ಮೊಳೆ ಹೊಡೆಯುತ್ತಿರಲಿಲ್ಲ, ಅದೇ ಜಾತಿಯ ಮರದ ಬೆಣೆ ಕೆತ್ತಿ ಕೂರಿಸೋರು. "ಸುಮ್ನೆ ಬಡಿದ್ರೆ ಸೀಳ್ತದೆ ತಮ್ಮಾ, ಮೊದ್ಲು ಹಿಡಿದು ನೋಡ್ಬೇಕು" ಅಂತ ನಮಗೆ ಹುಡುಗರಿಗೆ ಹೇಳೋರು. ಗಾಲಿಗೆ ಕಬ್ಬಿಣದ ಪಟ್ಟಿ ಹಾಕುವಾಗ ಅದನ್ನು ಗಾಲಿಗಿಂತ ಒಂದು ಚೂರು ಚಿಕ್ಕದಾಗೇ ಮಾಡಿ, ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಹಿಗ್ಗಿದಾಗ ತೊಡಿಸಿ, ನೀರು ಹೊಯ್ಯೋರು. ಕುಗ್ಗುವ ಗುಣ ಅಚ್ಚಿನವರಿಗೆ ತಲೆನೋವು, ಆಚಾರ್ರಿಗೆ ಅದೇ ಅಂಟು. ಜಗಳೂರಿನ ನಮ್ಮ ಮಾವನ ಮನೆ ಕಡೆ ಬಿಸಿಲಿಗೆ ಮರ ಒಣಗಿ ಗಾಲಿಯ ಸಂದು ಬಿಡುತ್ತಿತ್ತು. ಹೊನ್ನಾಳಿಯಲ್ಲಾದರೆ ತುಂಗಭದ್ರೆ ಪಕ್ಕದಲ್ಲೇ ಇದೆ, ಗಾಲಿ ನೆನೆ ಹಾಕಿ ಮರ ಉಬ್ಬಿಸಿಕೊಳ್ಳಬಹುದು. ಜಗಳೂರಿನವರು ಕೊಡದಲ್ಲಿ ನೀರು ಹೊರಬೇಕು. ಆಗಿನ್ನೂ ಹೊನ್ನಾಳಿ ತಾಲ್ಲೂಕಿಗೇ ಸೇರಿದ್ದ ನ್ಯಾಮತಿಯ ನೆಂಟರು ಇದನ್ನೇ ಹಿಡಿದು ಜಗಳೂರಿನವರನ್ನು ಆಡಿಕೊಳ್ಳೋರು.

ಸಂದಿನ ತಾಪತ್ರಯ ಗಾಡಿಗೂ ಆಟಿಕೆಗೂ ಮಾತ್ರ ಅಂದ್ಕೋಬೇಡಿ. ಬೋಯಿಂಗ್ 787ರ ಒಡಲಿನ ತುಂಡುಗಳು ಸೇರುವ ಕಡೆ ಕಾಗದದ ದಪ್ಪದಷ್ಟು ಸಂದು ಹೆಚ್ಚಿದೆ ಅಂತ 2021-22ರಲ್ಲಿ ಒಂದು ವರ್ಷಕ್ಕೂ ಮೇಲ್ಪಟ್ಟು ಹೊಸ ವಿಮಾನಗಳ ಹಸ್ತಾಂತರ ನಿಂತಿತ್ತು. ಅಲ್ಲೂ ಸಂದು ತುಂಬೋದು ಬೆಣೆಯಿಂದಲೇ, ಹೆಸರು ಮಾತ್ರ 'ಶಿಮ್'.

ಬೆಂಗಳೂರಿನ ವಿಮಾನ ಕಾರ್ಖಾನೆ ಶುರುವಾದದ್ದೂ ಕಿಟ್ ಜೋಡಿಸಿಯೇ. ವಾಲ್‌ಚಂದ್ ಹೀರಾಚಂದ್ ಮೈಸೂರು ಸಂಸ್ಥಾನದ ಜೊತೆಗೂಡಿ 1940ರ ಡಿಸೆಂಬರಿನಲ್ಲಿ ಕಟ್ಟಿದ ಹಿಂದೂಸ್ಥಾನ್ ಏರ್‌ಕ್ರಾಫ್ಟ್, 1941ರಲ್ಲಿ ಅಮೆರಿಕದಿಂದ ಬಂದ ಬಿಡಿಭಾಗ ಜೋಡಿಸಿ ಹಾರ್ಲೋ ತರಬೇತಿ ವಿಮಾನ ಹಾರಿಸಿತು. ಮುಂದೆ ನಾಸಿಕ್‌ನಲ್ಲಿ ಮಿಗ್-21 ತಯಾರಾದದ್ದೂ ಇದೇ ದಾರಿಯಲ್ಲಿ: ಮೊದಲು ರಷ್ಯದಿಂದ ಬಂದ ಭಾಗಗಳ ಜೋಡಣೆ, ಆಮೇಲೆ ಒಂದೊಂದೇ ಭಾಗ ಇಲ್ಲಿಯದು.

ನಡುವೆ ಒಂದು ವಿಮಾನ ಮಾತ್ರ ಬೇರೆ ದಾರಿ ಹಿಡೀತು. ಎಚ್‌ಎಫ್-24 ಮಾರುತ. 1956ರಲ್ಲಿ ಜರ್ಮನಿಯ ಕುರ್ಟ್ ಟ್ಯಾಂಕ್ ಬೆಂಗಳೂರಿಗೆ ಬಂದರು. ಯುದ್ಧಕಾಲದ ಫಾಕ್-ವುಲ್ಫ್ 190 ಅವರದೇ ಕೂಸು. ಆ ವಿಮಾನಕ್ಕೆ ಆಮೇಲಾಮೇಲೆ ಉದ್ದ ಮೂತಿಯ ಬೇರೆ ಎಂಜಿನ್ ಕೂರಿಸಬೇಕಾಗಿ ಬಂದಾಗ, ತೂಕ ಮುಂದಕ್ಕೆ ವಾಲದ ಹಾಗೆ ಬಾಲದ ಮುಂದೆ ಅರ್ಧ ಮೀಟರ್‌ನ ತುಂಡೊಂದನ್ನು ಸೇರಿಸಿದ್ದರು. ಒಡಲಿಗೆ ಹಾಕಿದ ಬೆಣೆ ಅದು, ಅಲ್ವಾ?

ನಮ್ಮ ವಾಯುಪಡೆ ಕೇಳಿದ್ದು ಶಬ್ದದ ಎರಡರಷ್ಟು ವೇಗ, ಮ್ಯಾಕ್ 2. ಟ್ಯಾಂಕ್ ತಂಡ ಬ್ರಿಟನ್ನಿನಲ್ಲಿ ತಯಾರಾಗುತ್ತಿದ್ದ ಆರ್ಫಿಯಸ್ 12 ಎಂಜಿನ್ ಎರಡನ್ನು ಮನಸ್ಸಲ್ಲಿಟ್ಟುಕೊಂಡು ಒಡಲು ಬರೆಯಿತು. ರೆಕ್ಕೆ, ಬಾಲ ಹೇಗೆ ನಡೆದುಕೊಳ್ಳುತ್ತವೆ ಅಂತ ನೋಡಲು ಅದೇ ಗಾತ್ರದ ಮರದ ಗ್ಲೈಡರ್ ಒಂದನ್ನು ಕಟ್ಟಿ, 1959ರಲ್ಲಿ ಡಕೋಟಾ ವಿಮಾನಕ್ಕೆ ಕಟ್ಟಿ ಮೇಲಕ್ಕೆ ಎಳೆದು ಹತ್ತಾರು ಸಲ ಹಾರಿಸಿದರು. ಅಂಟು ಹಾಕುವ ಮುಂಚೆ ಟೇಪು ಸುತ್ತಿ ನೋಡೋದು ಅಂದರೆ ಇದೇ. ನನ್ನ ಪ್ರಕಾರ ಈ ದೇಶದಲ್ಲಿ ಕಟ್ಟಿದ ಅತ್ಯುತ್ತಮ ಮಾಡೆಲ್ ಅದು, 1/1 ಅಳತೆಯದು.

ಒಡಲು ಸರಿಯಾಗಿ ಬಂತು, ಎಂಜಿನ್ ಬರಲಿಲ್ಲ. ಆರ್ಫಿಯಸ್ 12ರ ಅಭಿವೃದ್ಧಿ ಮುಗಿಸಲು ಬ್ರಿಟಿಷರು ಹಣ ಕೇಳಿದರು, ದಿಲ್ಲಿ ಒಪ್ಪಲಿಲ್ಲ. ಆ ಎಂಜಿನ್ ಅಲ್ಲೇ ನಿಂತಿತು. ಕೈಗೆ ಸಿಕ್ಕಿದ್ದು ಆರ್ಫಿಯಸ್ 703. ಬರಬೇಕಿದ್ದ ಎಂಜಿನ್ನಿನ ನೂಕುಬಲ 3,000 ಕೆ.ಜಿ. ದಾಟುತ್ತಿತ್ತು, ಬಂದದ್ದರದು ಸುಮಾರು 2,200. ವಿಂಗ್ ಕಮಾಂಡರ್ ಸುರಂಜನ್ ದಾಸ್ 1961ರ ಜೂನ್ 17ರಂದು ಮಾರುತವನ್ನು ಮೊದಲ ಸಲ ಹಾರಿಸಿದರು. ಮ್ಯಾಕ್ 2ಕ್ಕೆ ಹೊಲಿದ ಅಂಗಿ ಮ್ಯಾಕ್ 1ರ ಆಸುಪಾಸಿನಲ್ಲೇ ಉಳೀತು. 1962ರಲ್ಲಿ ಸರ್ಕಾರ ಮಿಗ್-21ಕ್ಕೆ ಒಪ್ಪಂದ ಮಾಡಿಕೊಂಡಿತು. ಅದರ ಎಂಜಿನ್ ಅದರೊಳಗೇ ಇತ್ತು.

ಬೆಂಗಳೂರಿನವರು ಕೈ ಚೆಲ್ಲಿ ಕೂರಲಿಲ್ಲ. ಈಜಿಪ್ಟಿನವರು ಮಾಡುತ್ತಿದ್ದ ಇ-300 ಎಂಜಿನ್ನಿನ ಪರೀಕ್ಷೆಗೆ ಮಾರುತವೊಂದನ್ನು ಹೆಲ್ವಾನ್‌ಗೆ ಕಳಿಸಿದರು. ಅದೂ ದಡ ಮುಟ್ಟಲಿಲ್ಲ. ಉಳಿದದ್ದು ಇದ್ದ ಎಂಜಿನ್ನಿಗೇ ಹಿಂದಿನಿಂದ ಇಂಧನ ಸುರಿದು ಉರಿಸುವ 'ರೀಹೀಟ್' ಜೋಡಿಸೋದು. ಆ ಕೆಲಸ ಇಲ್ಲೇ ಗ್ಯಾಸ್ ಟರ್ಬೈನ್ ಸಂಶೋಧನಾ ಸಂಸ್ಥೆಯಲ್ಲಿ ನಡೆಯಿತು. ಹೊಸ ಕೊಳವೆ ಹಿಡಿಸಲು ಒಡಲಿನ ಹಿಂಭಾಗದ ಆಕಾರ ಬದಲಿಸಬೇಕಾಯಿತು. ಆಕಾರ ಬದಲಾಗಿ ಗಾಳಿಯ ಎಳೆತ ಹೆಚ್ಚಿತು. ರೀಹೀಟ್ ಕೊಟ್ಟದ್ದನ್ನೆಲ್ಲ ಎಳೆತ ತಿಂದುಹಾಕಿತು.

ಕಿಟ್ ಕಟ್ಟುವವರಿಗೆ ಇದು ಚೆನ್ನಾಗಿ ಗೊತ್ತು: ಒಂದು ಸಂದು ಮುಚ್ಚಲು ಹೋದರೆ ಇನ್ನೊಂದು ಕಡೆ ಬಾಯಿ ಬಿಡುತ್ತೆ. ನಮ್ಮ ಟೇಬಲ್ ಮೇಲೆ ಹೋಗೋದು ಒಂದು ಭಾನುವಾರ. 1970ರ ಜನವರಿ 10ರಂದು ರೀಹೀಟ್ ಜೋಡಿಸಿದ ಮಾರುತ ಬೆಂಗಳೂರಿನಲ್ಲಿ ಮೇಲೇರುವಾಗ ಬಿದ್ದು ಸುರಂಜನ್ ದಾಸ್ ತೀರಿಕೊಂಡರು. ಬೈಯಪ್ಪನಹಳ್ಳಿ ಕಡೆಯಿಂದ ಎಚ್‌ಎಎಲ್ ಕಡೆಗೆ ಹೋಗುವಾಗ ಟ್ರಾಫಿಕ್ಕಿನಲ್ಲಿ ನಾವೆಲ್ಲ ಶಾಪ ಹಾಕುವ ಸುರಂಜನ್ ದಾಸ್ ರಸ್ತೆ ಅವರ ಹೆಸರಿನದು.

ಮಾರುತ ಸೋತ ವಿಮಾನ ಅಂತ ಸುಲಭಕ್ಕೆ ಬರೆಯೋದುಂಟು, ನಾನು ಒಪ್ಪೋದಿಲ್ಲ. ಒಟ್ಟು 147 ಕಟ್ಟಿದರು, ಮೂರು ಸ್ಕ್ವಾಡ್ರನ್‌ಗಳು ಹಾರಿಸಿದವು. 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ನೆಲದಂಚಿಗೆ ಹಾರಿ ದಾಳಿ ಮಾಡಿದವು. ಎರಡು ಎಂಜಿನ್ ಇದ್ದದ್ದರಿಂದ ಒಂದು ಕೈಕೊಟ್ಟರೂ ಇನ್ನೊಂದರಲ್ಲಿ ಮರಳಿ ಬಂದದ್ದಿದೆ. ಒಡಲು ಕಟ್ಟಿದ ಕೈಗಳ ಕೆಲಸದಲ್ಲಿ ಐಬಿರಲಿಲ್ಲ.

ಮಾರತ್ತಹಳ್ಳಿ ಕಡೆ ಕೆಲಸಕ್ಕೆ ಹೋಗುವವರು ಒಂದು ದಿನ ಹಳೇ ಏರ್‌ಪೋರ್ಟ್ ರಸ್ತೆಯ ಎಚ್‌ಎಎಲ್ ಮ್ಯೂಸಿಯಮ್ಮಿಗೆ ಹೋಗಿ. ಅಂಗಳದಲ್ಲಿ ಮಾರುತ ನಿಂತಿದೆ. ಎಲ್ಲರೂ ಮೂಗಿನ ಕಡೆ ಫೋಟೋ ತೆಗೆಸಿಕೊಳ್ತಾರೆ. ನೀವು ಬಳಸಿಕೊಂಡು ಹಿಂದಕ್ಕೆ ಬನ್ನಿ. ಅಷ್ಟುದ್ದ ಒಡಲಿನ ತುದಿಯಲ್ಲಿ ಅಕ್ಕಪಕ್ಕ ಕೂತ ಆ ಎರಡು ಸಣ್ಣ ಕೊಳವೆಗಳನ್ನು ನೋಡಿ.