ಲೆಸ್ಸರ್ ಫ್ರೀ ಟ್ರೇಡ್ ಹಾಲ್ ಕಛೇರಿ, ಮ್ಯಾಂಚೆಸ್ಟರ್
ಲಂಡನ್ನಿನ ಪಂಕ್ ರಾಕ್ ತಂಡ ಸೆಕ್ಸ್ ಪಿಸ್ಟಲ್ಸ್, ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ 1976ರ ಜೂನ್ 4ರಂದು ನಡೆಸಿಕೊಟ್ಟ ಕಾರ್ಯಕ್ರಮ. ಏರ್ಪಡಿಸಿದವರು ಹೋವರ್ಡ್ ಡಿವೋಟೊ ಮತ್ತು ಪೀಟ್ ಶೆಲ್ಲಿ ಎಂಬ ಇಬ್ಬರು ಯುವಕರು. ಟಿಕೆಟ್ಟಿಗೆ 50 ಪೆನ್ಸ್, ಸಭಾಂಗಣ ತುಂಬಿರಲಿಲ್ಲ. ಸಾಲುಸಾಲು ಕುರ್ಚಿಗಳಲ್ಲಿ ಕೂತವರ ಮುಂದೆ ಗಾಯಕ ಜಾನಿ ರಾಟನ್ ಕೆಕ್ಕರಿಸಿ ನೋಡುತ್ತ, ಹಾಡಿಗಿಂತ ಬೈಗುಳಕ್ಕೆ ಹತ್ತಿರವಾದ ದನಿಯಲ್ಲಿ ಕೂಗಿದ. ವಾದನ ಒರಟು, ಶಬ್ದ ಕಿವಿಗಡಚಿಕ್ಕುವಂಥದ್ದು.

ಆ ಒರಟುತನವೇ ಕೇಳುಗರಿಗೆ ಧೈರ್ಯ ಕೊಟ್ಟಿತು. ವರ್ಷಗಟ್ಟಲೆ ಅಭ್ಯಾಸ, ದುಬಾರಿ ವಾದ್ಯ, ದೊಡ್ಡ ಕಂಪನಿಯ ಕೃಪೆ ಯಾವುದೂ ಇಲ್ಲದೆ ವೇದಿಕೆ ಏರಬಹುದು ಎಂಬುದು ಕಣ್ಣೆದುರೇ ಸಾಬೀತಾಗಿತ್ತು. ಸಭಿಕರಲ್ಲಿದ್ದ ಪೀಟರ್ ಹುಕ್ ಮರುದಿನವೇ ಬೇಸ್ ಗಿಟಾರ್ ಕೊಂಡ. ಗೆಳೆಯ ಬರ್ನಾರ್ಡ್ ಸಮ್ನರ್ ಜೊತೆ ಅವನು ಕಟ್ಟಿದ ತಂಡವೇ ಮುಂದೆ ಜಾಯ್ ಡಿವಿಜನ್ ಆಯಿತು. ಮುಂದೆ ದ ಸ್ಮಿತ್ಸ್ ತಂಡದ ಗಾಯಕನಾದ ಮೊರಿಸ್ಸಿಯೂ ಅಲ್ಲಿದ್ದ. ತಾನೂ ಇದ್ದೆ ಎಂದು ಆಮೇಲೆ ಹೇಳಿಕೊಂಡವರು ಆ ಸಭಾಂಗಣದಲ್ಲಿ ಹಿಡಿಸಲಾರದಷ್ಟು ಮಂದಿ.

ಡಿವೋಟೊ, ಶೆಲ್ಲಿಯರ ತಂಡ ಬಜ್‌ಕಾಕ್ಸ್ ಅಂದು ನುಡಿಸಲು ಸಿದ್ಧವಿರಲಿಲ್ಲ. ಜುಲೈ 20ರಂದು ಪಿಸ್ಟಲ್ಸ್ ಅದೇ ವೇದಿಕೆಗೆ ಮರಳಿದಾಗ ಬಜ್‌ಕಾಕ್ಸ್ ನುಡಿಸಿತು. 1977ರ ಜನವರಿಯಲ್ಲಿ ಸಾಲದ ಹಣದಿಂದ, ತನ್ನದೇ ಲೇಬಲ್ಲಿನಲ್ಲಿ ‘ಸ್ಪೈರಲ್ ಸ್ಕ್ರ್ಯಾಚ್’ ಮುದ್ರಿಕೆಯ ಮೊದಲ 1,000 ಪ್ರತಿಗಳನ್ನು ಹೊರತಂದಿತು.